ಬೆಟ್ಟಾ ಮೀನಿನ ಬಾಲ ಚಿಂದಿಯಾಗಿದೆ, ಔಷಧಿ ಹಾಕಬೇಕಾ?

ನೀಲಿಬಾಲ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹಾಫ್‌ಮೂನ್ ಬೆಟ್ಟಾ ಇದೆ, ಗಂಡು, ಕಡುನೀಲಿ. ಬಾಲ ಬಿಚ್ಚಿದಾಗ ಅರ್ಧಚಂದ್ರನೇ. ಈಗ ಆ ಅರ್ಧಚಂದ್ರದಲ್ಲಿ ಮೇಲಿನ ಕಾಲು ಭಾಗ ಇಲ್ಲ. ಮೊದಲು ಬಾಲದ ತುದಿಯಲ್ಲಿ ಒಂದು ಸಣ್ಣ ಸೀಳು ಕಾಣಿಸಿತ್ತು, ಎಲ್ಲೋ ತಾಗಿರಬೇಕು ಅಂತ ಸುಮ್ನೆ ಬಿಟ್ಟಿದ್ದೆ. ಆಮೇಲೆ ಅಂಚು ಪೂರ್ತಿ ಏರುಪೇರಾಯಿತು, ಕೆಲವು ಕಡೆ ಕಪ್ಪಗೆ ಸುಟ್ಟ ಹಾಗೆ ಕಾಣುತ್ತಿದೆ. ಮೊನ್ನೆ ಬೆಳಿಗ್ಗೆ ನೋಡಿದರೆ ಬಾಲದ ಮೇಲ್ಭಾಗದಲ್ಲಿ ಒಂದು ದೊಡ್ಡ ತುಂಡೇ ಮಾಯ, ರಾತ್ರಿ ಲೈಟ್ ಆರಿಸುವಾಗ ಅದು ಇತ್ತು.

ಟ್ಯಾಂಕ್ 20 ಲೀಟರಿನದು, ಅದರಲ್ಲಿ ಇವನೊಬ್ಬನೇ. ಅಂಚಿಗೆ ನೇತುಹಾಕುವ ಫಿಲ್ಟರ್ ಇದೆ, ಅದರೊಳಗಿನ ಕಾರ್ಟ್ರಿಜ್ (ನೀರು ಸೋಸುವ ಬಟ್ಟೆಯ ಪಟ್ಟಿ) ತಿಂಗಳಿಗೊಮ್ಮೆ ಬದಲಿಸಿ ಅಂತ ಪ್ಯಾಕೆಟ್ ಮೇಲೆ ಬರೆದಿದೆ, ಹಾಗೇ ಬದಲಿಸುತ್ತಿದ್ದೇನೆ. ಹೀಟರ್ ಇಲ್ಲ. ಒಳಗೆ ಎರಡು ಪ್ಲಾಸ್ಟಿಕ್ ಗಿಡ, ಒಂದು ಪುಟ್ಟ ಕೋಟೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ, ಹೊಸ ನೀರನ್ನು ಹಿಂದಿನ ದಿನವೇ ಬಕೆಟ್‌ನಲ್ಲಿ ತುಂಬಿಟ್ಟಿರುತ್ತೇನೆ. ಊಟ ಚೆನ್ನಾಗಿ ತಿನ್ನುತ್ತಾನೆ, ಆದರೆ ಮೊದಲಿನಷ್ಟು ಓಡಾಟ ಇಲ್ಲ.

ಇದು ಫಿನ್ ರಾಟ್, ಅಂದರೆ ರೆಕ್ಕೆ ಕೊಳೆಯುವ ರೋಗ ಅಲ್ವಾ? ಆಂಟಿಬಯೋಟಿಕ್ ಹಾಕಬೇಕಾ, ಉಪ್ಪು ಸಾಕಾ? ಒಂದು ಸಣ್ಣ ಜಾಡಿಗೆ ಹಾಕಿ ಬೇರೆ ಇಡಲಾ? ಬಾಲ ಮತ್ತೆ ಬೆಳೆಯುತ್ತದಾ?

ಗುಳ್ಳೆಗೂಡು:

ನೂರಕ್ಕೆ ನೂರು ಫಿನ್ ರಾಟ್. ಕಾಯಬೇಡಿ, ಇವತ್ತೇ ಮೆಥಿಲೀನ್ ಬ್ಲೂ ಅನ್ನೋ ನೀಲಿ ಔಷಧಿ ಹಾಕಿ, ಜೊತೆಗೆ ಒಂದು ಆಂಟಿಬಯೋಟಿಕ್ ಶುರು ಮಾಡಿ. ಬಾಲ ಮುಗಿದು ಮೈಗೆ ಬಂದರೆ ಮೀನು ಉಳಿಯುವುದಿಲ್ಲ.

ಹಳೇಸ್ಪಾಂಜ್:

ದಯವಿಟ್ಟು ಇವತ್ತೇ ಏನೂ ಸುರಿಯಬೇಡಿ. ಮೆಥಿಲೀನ್ ಬ್ಲೂ ಅಂತೂ ಮೇನ್ ಟ್ಯಾಂಕ್‌ಗೆ ಬೇಡವೇ ಬೇಡ. ಫಿಲ್ಟರ್‌ನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಅದರಿಂದ ಪೆಟ್ಟು, ಗಾಜಿನ ಮೂಲೆಗಳ ಸಿಲಿಕಾನ್ ನೀಲಿಯಾದರೆ ಮತ್ತೆ ಹೋಗುವುದೂ ಇಲ್ಲ. ಅದನ್ನು ಬಳಸುವುದಾದರೆ ಬೇರೆ ಪಾತ್ರೆಯಲ್ಲಿ ಬಳಸಬೇಕು.

ನೀಲಿಬಾಲ ಅವರೇ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ನನಗೆ ಅಲ್ಲಿ ಒಂದಲ್ಲ, ಎರಡು ತೊಂದರೆ ಕಾಣುತ್ತಿದೆ. ಬಾಲ ಹಾಳಾಗುವುದು ಮೂರು ರೀತಿಯಲ್ಲಿ. ಒಂದು, ಚೂಪಾದ್ದಕ್ಕೆ ಸಿಕ್ಕಿ ಹರಿಯುವುದು. ಆಗ ಬಾಲದ ಎರಡು ಕಡ್ಡಿಗಳ (ಪೊರೆಯನ್ನು ಹಿಡಿದಿಡುವ ಗಟ್ಟಿ ಎಳೆಗಳ) ನಡುವಿನ ಪೊರೆ ಮಾತ್ರ ಉದ್ದಕ್ಕೆ ಸೀಳಿರುತ್ತದೆ, ಕಡ್ಡಿ ಹಾಗೇ ಇರುತ್ತದೆ, ಅಂಚಿನ ಬಣ್ಣ ಬದಲಾಗಿರುವುದಿಲ್ಲ. ಎರಡು, ಮೀನು ತಾನೇ ತನ್ನ ಬಾಲ ಕಚ್ಚುವುದು. ನಂಬಲು ಕಷ್ಟ ಆಗಬಹುದು, ಆದರೆ ಉದ್ದ ಬಾಲದ ಬೆಟ್ಟಾಗಳಲ್ಲಿ ಇದು ತುಂಬಾ ಸಾಮಾನ್ಯ. ಕಚ್ಚಿದರೆ ರಾತ್ರಿ ಇದ್ದ ತುಂಡು ಬೆಳಿಗ್ಗೆ ಇರುವುದಿಲ್ಲ, ಕಡ್ಡಿ ಪೊರೆ ಎಲ್ಲ ಸೇರಿ ಬಟ್ಟಲಿನ ಆಕಾರದಲ್ಲಿ ಕಡಿದು ಹೋಗಿರುತ್ತದೆ. ಮೂರನೆಯದು ಕೊಳೆಯುವುದು, ಅದೇ ಫಿನ್ ರಾಟ್. ಅದು ಒಂದೇ ರಾತ್ರಿಯಲ್ಲಿ ದೊಡ್ಡ ತುಂಡು ಕೀಳುವುದು ಅಪರೂಪ. ಅಂಚಿನಿಂದ ಒಳಗೆ ನಿಧಾನವಾಗಿ ಸವೆಯುತ್ತಾ ಬರುತ್ತದೆ, ಅಂಚು ಕಪ್ಪಗೆ, ಕೆಂಪಗೆ ಅಥವಾ ಬೆಳ್ಳಗೆ ತಿರುಗುತ್ತದೆ.

ನಿಮ್ಮ ಮೀನಿನಲ್ಲಿ ಕಪ್ಪು ಅಂಚೂ ಇದೆ, ಒಂದೇ ರಾತ್ರಿಯಲ್ಲಿ ಹೋದ ತುಂಡೂ ಇದೆ. ಅಂದರೆ ಸ್ವಲ್ಪ ಕೊಳೆತ, ಜೊತೆಗೆ ಕಚ್ಚುವಿಕೆ ಅಂತ ನನ್ನ ಅಂದಾಜು. ಕಚ್ಚುವುದಕ್ಕೆ ಯಾವ ಬಾಟಲಿಯಲ್ಲೂ ಔಷಧಿ ಇಲ್ಲ.

ಈಗ ಕಾರ್ಟ್ರಿಜ್ ವಿಚಾರ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಊಟದಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ, ಮೂರನೆಯದನ್ನು ಮೀನು ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವುದು ಕಡಿಮೆ, ಫಿಲ್ಟರ್‌ನ ಬಟ್ಟೆ, ಸ್ಪಾಂಜ್, ಕಲ್ಲುಗಳ ಮೇಲೆ ಅಂಟಿಕೊಂಡು ಬದುಕುತ್ತದೆ. ಹೊಸ ಟ್ಯಾಂಕ್‌ನಲ್ಲಿ ಅದು ನೆಲೆಯೂರಲು 4ರಿಂದ 6 ವಾರ ಬೇಕು. ತಿಂಗಳಿಗೊಮ್ಮೆ ಕಾರ್ಟ್ರಿಜ್ ಬಿಸಾಡಿದರೆ ಆ ವಸಾಹತಿನ ದೊಡ್ಡ ಪಾಲನ್ನೇ ಬಿಸಾಡಿದಂತೆ. ಕಾರ್ಟ್ರಿಜ್ ಮಾರುವವರಿಗೆ ಅದು ಒಳ್ಳೆಯ ಸಲಹೆಯೇ, ಮೀನಿಗಲ್ಲ.

ಮೊದಲು ನೀರು ಪರೀಕ್ಷೆ ಮಾಡಿ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಮತ್ತು ಉಷ್ಣತೆ, ಈ ಐದೂ ಬೇಕು. ಕಾಗದದ ಪಟ್ಟಿಗಿಂತ ಹನಿ ಹಾಕಿ ನೋಡುವ ಕಿಟ್ ವಾಸಿ. ಎಷ್ಟೋ ಪಟ್ಟಿಗಳಲ್ಲಿ ಅಮೋನಿಯಾ ಇರುವುದೇ ಇಲ್ಲ, ನಮಗೆ ಬೇಕಾಗಿರುವುದೇ ಅದು.

ಸಣ್ಣ ಜಾಡಿ ಬೇಡ. ನೀರು ಕಡಿಮೆ ಇದ್ದಷ್ಟೂ ಅಮೋನಿಯಾ ಬೇಗ ಏರುತ್ತದೆ, ಉಷ್ಣತೆಯೂ ಬೇಗ ಇಳಿಯುತ್ತದೆ. ಒಂಟಿ ಮೀನು ತಾನೇ, ಇದ್ದಲ್ಲೇ ಇರಲಿ.

ನೀಲಿಬಾಲ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್ ಸರ್. ಕಿಟ್ ತಂದು ನೋಡಿದೆ. ಅಮೋನಿಯಾ 0.5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ನೈಟ್ರೈಟ್ 0.25, ನೈಟ್ರೇಟ್ 10ರ ಹತ್ತಿರ, ಪಿಎಚ್ 7.8. ನೀರು ಮಧ್ಯಾಹ್ನ 25 ಡಿಗ್ರಿ, ಬೆಳಗಿನ ಜಾವ 21. ಗಾಬರಿ ಪಡಬೇಕಾ?

ಹಳೇಸ್ಪಾಂಜ್:

ಗಾಬರಿ ಬೇಡ, ಆದರೆ ನಾಳೆಗೆ ಮುಂದೂಡಬೇಡಿ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ 0 ಇರಬೇಕು. ನಿಮ್ಮ ಪಿಎಚ್‌ನಲ್ಲಿ 0.5 ಅನ್ನುವುದು ಇನ್ನೂ ಕೆಟ್ಟದ್ದು. ಪಿಎಚ್ 7ರ ಆಸುಪಾಸಿನಲ್ಲಿದ್ದರೆ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದು ಅಷ್ಟು ಅಪಾಯವಲ್ಲ. ಪಿಎಚ್ ಒಂದು ಅಂಕ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಹಾಗಂತ ಪಿಎಚ್ ಇಳಿಸುವ ದ್ರಾವಣ ತಂದು ಸುರಿಯಬೇಡಿ, ಏರಿಳಿತವೇ ಅದಕ್ಕಿಂತ ದೊಡ್ಡ ಹಿಂಸೆ.

ಇವತ್ತು ಅರ್ಧ ನೀರು ಬದಲಿಸಿ, 0.5 ಇದ್ದದ್ದು 0.25ಕ್ಕೆ ಇಳಿಯುತ್ತದೆ. ನಾಳೆ ಮತ್ತೆ ಪರೀಕ್ಷೆ, ಏರಿದ್ದರೆ ಮತ್ತೆ ಬದಲಾವಣೆ. ಎರಡೂ 0 ಆಗಿ ಹಾಗೇ ನಿಲ್ಲುವವರೆಗೆ ಇದೇ ಕೆಲಸ. ಮೀನನ್ನು ಹೊರಗೆ ತೆಗೆಯಬೇಡಿ, ಒಂದು ಸಣ್ಣ ಪೈಪ್‌ನಲ್ಲಿ ತಳದ ಕೊಳೆ ಎಳೆದು, ಹೊಸ ನೀರನ್ನು ಅದೇ ಉಷ್ಣತೆಗೆ ತಂದು ನಿಧಾನವಾಗಿ ಹಾಕಿ.

ನೀರನ್ನು ಹಿಂದಿನ ದಿನ ತುಂಬಿಡುತ್ತೇನೆ ಅಂದಿರಿ. ಕ್ಲೋರಿನ್ ಆದರೆ ಹಾಗೆ ಇಟ್ಟರೆ ಹಾರಿಹೋಗುತ್ತದೆ. ಎಷ್ಟೋ ಕಡೆ ನಲ್ಲಿ ನೀರಿಗೆ ಕ್ಲೋರಮಿನ್ ಹಾಕುತ್ತಾರೆ, ಅದು ಒಂದು ರಾತ್ರಿ ಇಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಆಂಟಿ ಕ್ಲೋರಿನ್ ಹನಿ ಬಳಸಿ, ಲೇಬಲ್ ಮೇಲೆ ಕ್ಲೋರಮಿನ್‌ಗೂ ಆಗುತ್ತದೆ ಅಂತ ಇರಲಿ. ನಲ್ಲಿ ನೀರನ್ನೂ ಒಮ್ಮೆ ಕಿಟ್‌ನಲ್ಲಿ ನೋಡಿಬಿಡಿ, ಕೆಲವೊಮ್ಮೆ ಅಮೋನಿಯಾ ಅಲ್ಲಿಂದಲೇ ಬರುತ್ತಿರುತ್ತದೆ.

ಹೀಟರ್ ತರಲೇಬೇಕು. 20 ಲೀಟರಿಗೆ 25 ವಾಟ್‌ನದು ಸಾಕು, 26 ಡಿಗ್ರಿಗೆ ಇಡಿ. ಬೇಗ ವಾಸಿಯಾಗಲಿ ಅಂತ 30ಕ್ಕೆ ಏರಿಸುವವರಿದ್ದಾರೆ, ಅದು ಬೇಡ. ಕಾಲಮ್ನಾರಿಸ್ ಅಂತ ಒಂದು ಸೋಂಕು ಇದೆ, ಮೈಮೇಲೆ, ಬಾಯಿ ಸುತ್ತ ಬೂದುಬಿಳಿ ತೇಪೆ ಬರುತ್ತದೆ, ಬೆಚ್ಚಗಿನ ನೀರಿನಲ್ಲಿ ಅದು ಇನ್ನೂ ಜೋರಾಗುತ್ತದೆ.

ಕಾರ್ಟ್ರಿಜ್ ಇನ್ನು ಬಿಸಾಡಬೇಡಿ. ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಅದನ್ನು ಎರಡು ಸಲ ಅದ್ದಿ ಹಿಂಡಿ ವಾಪಸ್ ಇಡಿ. ನಲ್ಲಿ ಕೆಳಗೆ ತೊಳೆದರೆ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಜೊತೆಗೆ ಒಂದು ತುಂಡು ಸ್ಪಾಂಜ್ ತುರುಕಿದರೆ ಮುಂದೆ ಕಾರ್ಟ್ರಿಜ್ ಚಿಂದಿಯಾದರೂ ವಸಾಹತು ಅದರಲ್ಲಿ ಉಳಿಯುತ್ತದೆ.

ಜಾಲರಿ:

ಕಚ್ಚುವ ವಿಚಾರಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ. ಬೆಟ್ಟಾ ಸ್ಪ್ಲೆಂಡೆನ್ಸ್ ಮೂಲತಃ ಥೈಲ್ಯಾಂಡ್ ಕಡೆಯ ಗದ್ದೆ, ಜೌಗು, ನಿಂತ ನೀರಿನ ಮೀನು. ಕಾಡಿನ ಬೆಟ್ಟಾಗೆ ಇಷ್ಟುದ್ದ ಬಾಲ ಇಲ್ಲವೇ ಇಲ್ಲ. ಹಾಫ್‌ಮೂನ್ ಅಂದರೆ ಬಾಲ 180 ಡಿಗ್ರಿ ಬಿಚ್ಚಿಕೊಳ್ಳುವ ತಳಿ, ಮನುಷ್ಯರು ಆರಿಸಿ ಆರಿಸಿ ಬೆಳೆಸಿದ್ದು. ಅಷ್ಟು ದೊಡ್ಡ ಬಾಲ ಎಳೆದುಕೊಂಡು ಫಿಲ್ಟರ್ ಸುರಿಯುವ ನೀರಿಗೆ ಎದುರಾಗಿ ಈಜಬೇಕು ಅಂದರೆ ಸುಸ್ತಾಗದೆ ಇರುತ್ತದಾ? ಬಾಲ ಭಾರವಾಗಿಯೇ ಕಚ್ಚಿ ಹಗುರ ಮಾಡಿಕೊಳ್ಳುತ್ತವೆ ಅನ್ನುವುದು ತುಂಬಾ ಸಾಕಣೆದಾರರ ಅಭಿಪ್ರಾಯ, ನನಗೂ ಹಾಗೇ ಅನ್ನಿಸುತ್ತದೆ. ಬೇಜಾರು, ಗಾಜಿನಲ್ಲಿ ತನ್ನದೇ ಪ್ರತಿಬಿಂಬ ನೋಡಿ ಸಿಟ್ಟಾಗುವುದು, ಕೆಟ್ಟ ನೀರು, ಇವೂ ಸೇರಿಕೊಳ್ಳುತ್ತವೆ.

ಕಚ್ಚುತ್ತಿದೆಯಾ ಅಂತ ಕಣ್ಣಾರೆ ನೋಡಬೇಕು ಅಂದರೆ ಮೊಬೈಲ್ ಅನ್ನು ಟ್ಯಾಂಕ್ ಎದುರಿಗೆ ನಿಲ್ಲಿಸಿ ವಿಡಿಯೋ ಹಾಕಿ ಆಚೆ ಹೋಗಿಬಿಡಿ. ನೀವು ಎದುರಿಗಿದ್ದರೆ ಅವನ ಗಮನವೆಲ್ಲ ಊಟದ ಮೇಲೆ. ಕಚ್ಚುವವನಾದರೆ ಸುಮ್ನೆ ನಿಂತವನು ಇದ್ದಕ್ಕಿದ್ದಂತೆ ಮೈ ಬಗ್ಗಿಸುತ್ತಾನೆ, ತಲೆ ಬಾಲದ ಕಡೆ ತಿರುಗುತ್ತದೆ, ಒಂದೆರಡು ಸುತ್ತು ಗಿರಕಿ ಹೊಡೆದು ಗಬಕ್ಕನೆ ಬಾಲದ ತುದಿ ಹಿಡಿದು ಜಗ್ಗುತ್ತಾನೆ. ಎಲ್ಲ ಕ್ಷಣದಲ್ಲಿ ಮುಗಿಯುತ್ತದೆ. ವಿಡಿಯೋವನ್ನು ನಿಧಾನ ಮಾಡಿ ನೋಡಿ.

ಮಾಡಬೇಕಾದ್ದು ಇಷ್ಟೇ. ಫಿಲ್ಟರ್ ನೀರು ಬೀಳುವ ಜಾಗಕ್ಕೆ ಸ್ಪಾಂಜ್ ತುಂಡು ಕಟ್ಟಿ ಹರಿವು ಮುರಿಯಿರಿ. ಹಿಂದಿನ ಗಾಜಿಗೆ ಕಾಗದ ಅಂಟಿಸಿ. ಮೇಲ್ಮೈ ಹತ್ತಿರ ಅಗಲ ಎಲೆಯ ಗಿಡವೊಂದನ್ನು ಇಡಿ, ಬೆಟ್ಟಾ ಅದರ ಮೇಲೆ ಮಲಗಿ ಸುಧಾರಿಸಿಕೊಳ್ಳುತ್ತದೆ. ಅದಕ್ಕೆ ಲ್ಯಾಬಿರಿಂತ್ ಅನ್ನುವ ಅಂಗ ಇದೆ, ಗಾಳಿಯನ್ನು ನೇರವಾಗಿ ಗುಟುಕರಿಸುತ್ತದೆ, ಪದೇ ಪದೇ ಮೇಲೆ ಬರಲೇಬೇಕು. ಬಾಲ ನೋಯುವಾಗ ಮೇಲಿನ ದಾರಿ ಚಿಕ್ಕದಿದ್ದಷ್ಟು ಒಳ್ಳೆಯದು. ಇನ್ನು ಪ್ಲಾಸ್ಟಿಕ್ ಗಿಡ ಮತ್ತು ಆ ಕೋಟೆಯನ್ನು ಹೊರತೆಗೆದು ತೆಳು ನೈಲಾನ್ ಕಾಲುಚೀಲವನ್ನು ಅವುಗಳ ಮೇಲೆಲ್ಲ ಎಳೆದು ನೋಡಿ, ಕೋಟೆಯ ಕಿಟಕಿಗಳ ಒಳಗೂ. ಚೀಲ ಎಲ್ಲಾದರೂ ಸಿಕ್ಕಿಕೊಂಡರೆ ಬಾಲವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಿಮಗೆ ಮೊದಲು ಕಂಡ ಆ ಸಣ್ಣ ಸೀಳು ಅಲ್ಲಿಂದಲೇ ಶುರುವಾಗಿರಬಹುದು.

ಗುಳ್ಳೆಗೂಡು:

ಎಲ್ಲ ಸರಿ, ಆದರೆ ಬರೀ ನೀರು ಬದಲಿಸಿ ಅಂತ ಕೂತರೆ ಸೋಂಕು ಕಾಯುತ್ತಾ ಕೂರುತ್ತದಾ? ಕನಿಷ್ಠ ಉಪ್ಪಾದರೂ ಹಾಕಲಿ ಬಿಡಿ.

ಪಾಚಿತೊಟ್ಟಿ:

ಉಪ್ಪು ಹಾಕಬಹುದು, ನಾನು ಆ ಪಕ್ಷವೇ. ಆದರೆ ಅಳತೆ ಇಲ್ಲದೆ ಚಿಟಿಕೆ ಲೆಕ್ಕದಲ್ಲಿ ಹಾಕುವುದು ಬೇಡ. ಬರೀ ಸೋಡಿಯಂ ಕ್ಲೋರೈಡ್ ಇರುವ, ಬೇರೇನೂ ಬೆರೆಸದ ಉಪ್ಪು ತಗೊಳ್ಳಿ. ಎಪ್ಸಮ್ ಉಪ್ಪು ಬೇರೆ, ಅದು ಮೆಗ್ನೀಸಿಯಂ ಸಲ್ಫೇಟ್, ಹೊಟ್ಟೆ ಉಬ್ಬರ, ಮಲಬದ್ಧತೆಗೆ ಬಳಸುತ್ತಾರೆ, ಬಾಲಕ್ಕಲ್ಲ. ಲೀಟರಿಗೆ 1 ಗ್ರಾಂನಿಂದ ಶುರು ಮಾಡಿ. 20 ಲೀಟರ್ ಟ್ಯಾಂಕ್‌ನಲ್ಲಿ ಕಲ್ಲು, ಕೋಟೆ ಕಳೆದರೆ ನೀರು 17–18 ಲೀಟರ್ ಇರುತ್ತದೆ, ಹಾಗಾಗಿ 17–18 ಗ್ರಾಂ. ತೂಕದ ಯಂತ್ರದಲ್ಲೇ ತೂಗಿ. ಒಂದು ಲೋಟ ಟ್ಯಾಂಕ್ ನೀರಿನಲ್ಲಿ ಪೂರ್ತಿ ಕರಗಿಸಿ, ಅದನ್ನು ಇಡೀ ದಿನದಲ್ಲಿ ಮೂರು ನಾಲ್ಕು ಸಲಕ್ಕೆ ಹಂಚಿ ಹಾಕಿ. ಹರಳನ್ನೇ ನೇರವಾಗಿ ಎಸೆದರೆ ಅದು ತಾಗಿದ ಕಡೆ ಮೀನಿನ ಚರ್ಮ ಸುಡುತ್ತದೆ.

ಬಹಳ ಜನ ಎಡವುವುದು ಮುಂದಿನದರಲ್ಲಿ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಆವಿಯಾಗಿ ಕಡಿಮೆಯಾದ ನೀರಿಗೆ ಬರೀ ನೀರು ಸೇರಿಸಿ. ನೀವೇ 5 ಲೀಟರ್ ತೆಗೆದು 5 ಲೀಟರ್ ಹಾಕಿದಾಗ ಮಾತ್ರ 5 ಗ್ರಾಂ ಉಪ್ಪು ಹಾಕಿ. ಪ್ರತಿ ಸಲ ಪೂರ್ತಿ 18 ಗ್ರಾಂ ಹಾಕುತ್ತಾ ಹೋದರೆ ವಾರದೊಳಗೆ ಮೀನು ಉಪ್ಪಿನಕಾಯಿ. ಒಟ್ಟು 10 ದಿನ ದಾಟಿಸಬೇಡಿ, ಬೆಟ್ಟಾ ಸಿಹಿನೀರಿನ ಮೀನು. ಆಮೇಲೆ ಉಪ್ಪಿಲ್ಲದ ನೀರಿನಿಂದ ಬದಲಿಸುತ್ತಾ ಹೋದರೆ ತಾನಾಗಿ ಇಳಿಯುತ್ತದೆ. ಬಸವನಹುಳು ಇದ್ದರೆ, ಜೀವಂತ ಗಿಡ ಇದ್ದರೆ ಉಪ್ಪು ಅವಕ್ಕೆ ಆಗದು.

ನಿಮಗೆ ಉಪ್ಪಿನಿಂದ ಇನ್ನೊಂದು ಲಾಭ ಇದೆ. ನೈಟ್ರೈಟ್ 0.25 ಅಂದಿರಿ. ಉಪ್ಪಿನಲ್ಲಿರುವ ಕ್ಲೋರೈಡ್ ಇದ್ದರೆ ಕಿವಿರಿನ ಮೂಲಕ ನೈಟ್ರೈಟ್ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಅಮೋನಿಯಾಗೆ ಮಾತ್ರ ಉಪ್ಪು ಉತ್ತರವಲ್ಲ, ಅದಕ್ಕೆ ಹಳೇಸ್ಪಾಂಜ್ ಹೇಳಿದ ಹಾಗೆ ನೀರು ಬದಲಿಸುವುದೇ ದಾರಿ.

ಬಾದಾಮಿ ಎಲೆಯನ್ನೂ ಕೇಳಿರುತ್ತೀರಿ, ಕಾಡುಬಾದಾಮಿ ಮರದ ಒಣಗಿ ಉದುರಿದ ಎಲೆ. ಅದರಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶದಿಂದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಬ್ಯಾಕ್ಟೀರಿಯಾಗೆ ಸ್ವಲ್ಪ ಅಡ್ಡಿಯೂ ಆಗುತ್ತದೆ. ಒಂದು ಎಲೆ ತೊಳೆದು ಹಾಕಿ, ತೊಂದರೆಯಿಲ್ಲ. ಅದೊಂದರಿಂದಲೇ ಫಿನ್ ರಾಟ್ ಹೋಗುತ್ತದೆ ಅಂದರೆ ನಾನು ಒಪ್ಪುವುದಿಲ್ಲ. ಕಾರ್ಟ್ರಿಜ್ ಒಳಗೆ ಕಾರ್ಬನ್ (ಇದ್ದಿಲು) ಇದ್ದರೆ ಟ್ಯಾನಿನ್ ಅನ್ನೂ ಔಷಧಿಯನ್ನೂ ಹೀರಿಬಿಡುತ್ತದೆ ಅನ್ನುವುದು ಗೊತ್ತಿರಲಿ.

ಹಳೇಸ್ಪಾಂಜ್:

ಪಾಚಿತೊಟ್ಟಿ ಹೇಳಿದ ಉಪ್ಪಿನ ಲೆಕ್ಕಕ್ಕೆ ನನ್ನದೂ ಒಪ್ಪಿಗೆ. ಗುಳ್ಳೆಗೂಡು ಅವರ ಮಾತಿನಲ್ಲೂ ಹುರುಳಿದೆ, ಆಂಟಿಬಯೋಟಿಕ್ ಬೇಕಾಗುವ ಹಂತ ಅಂತ ಒಂದಿದೆ. ನೀರು 0 ಬಂದ ಮೇಲೂ ಅಂಚು ಸವೆಯುತ್ತಲೇ ಇದ್ದರೆ, ರೆಕ್ಕೆಯಲ್ಲಿ ಕೆಂಪು ಗೆರೆ ಎದ್ದರೆ, ಕೊಳೆತ ಬಾಲದ ಬುಡಕ್ಕೆ ಬಂದರೆ, ಊಟ ಬಿಟ್ಟರೆ, ಆಗ ಬೇಕು. ಫಿನ್ ರಾಟ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಏರೋಮೋನಾಸ್, ಸೂಡೋಮೋನಾಸ್ ಥರದ, ಗ್ರಾಂ ನೆಗೆಟಿವ್ ಅನ್ನುವ ಗುಂಪಿನ ಬ್ಯಾಕ್ಟೀರಿಯಾ, ಕನಾಮೈಸಿನ್‌ನಂಥ ಔಷಧಿ ಬಳಸುವುದು ಅದಕ್ಕೇ. ಮೀನು ನೋಡುವ ಪಶುವೈದ್ಯರು ಸಿಕ್ಕರೆ ಅವರನ್ನು ಕೇಳಿ ಕೊಡಿ, ಬೇರೆ ಪಾತ್ರೆಯಲ್ಲಿ ಕೊಡಿ, ಶುರು ಮಾಡಿದರೆ ಹೇಳಿದಷ್ಟು ದಿನ ಪೂರ್ತಿ ಕೊಡಿ. ಮನುಷ್ಯರ ಮಾತ್ರೆ ಪುಡಿ ಮಾಡಿ ಅಂದಾಜಿನಲ್ಲಿ ಹಾಕುವ ಕೆಲಸ ಮಾತ್ರ ಬೇಡ.

ನೀಲಿಬಾಲ:

ಮತ್ತೆ ಬಂದೆ. ಹೀಟರ್ ಹಾಕಿದ ಮೇಲೆ ಓಡಾಟ ಜಾಸ್ತಿಯಾಗಿದೆ. ಉಪ್ಪಿನ ದಿನಗಳು ಮುಗಿದವು, ಅಮೋನಿಯಾ, ನೈಟ್ರೈಟ್ ಎರಡೂ 0 ತೋರಿಸುತ್ತಿವೆ. ಕೋಟೆಯ ಕಿಟಕಿಯಲ್ಲಿ ಕಾಲುಚೀಲ ನಿಜಕ್ಕೂ ಸಿಕ್ಕಿಕೊಂಡಿತು, ಕೋಟೆ ಹೊರಗೆ ಹೋಯಿತು. ವಿಡಿಯೋದಲ್ಲಿ ಜಾಲರಿ ಅವರು ಹೇಳಿದ ಗಿರಕಿಯೂ ಸಿಕ್ಕಿತು, ಕಳ್ಳ! ಫಿಲ್ಟರ್ ಬಾಯಿಗೆ ಸ್ಪಾಂಜ್ ಕಟ್ಟಿದ ಮೇಲೆ ಹೊಸ ತುಂಡು ಹೋಗಿಲ್ಲ.

ಈಗ ಬೇರೆ ಅನುಮಾನ. ಕಪ್ಪು ಅಂಚಿನ ಆಚೆ ಒಂದು ಬಣ್ಣವಿಲ್ಲದ ಪೊರೆ ಕಾಣುತ್ತಿದೆ. ಲೈಟ್ ಬಿದ್ದಾಗ ಬೆಳ್ಳಗೆ ಹೊಳೆಯುತ್ತದೆ. ಇದು ಫಂಗಸ್ಸಾ?

ಜಾಲರಿ:

ಅಭಿನಂದನೆ, ಅದು ಹೊಸ ರೆಕ್ಕೆ! ಕಡಿದ ಅಂಚಿನಲ್ಲಿ ಜೀವಕೋಶಗಳು ಗುಂಪಾಗಿ, ಅಲ್ಲಿಂದ ಕಡ್ಡಿ ಮತ್ತು ಪೊರೆ ಮುಂದಕ್ಕೆ ಬೆಳೆಯುತ್ತವೆ, ಬಣ್ಣ ಆಮೇಲೆ ಬರುತ್ತದೆ. ಫಂಗಸ್ ಆದರೆ ಎಳೆ ಎಳೆಯಾಗಿ, ಉಬ್ಬಿಕೊಂಡು, ಆಚೆ ಬದಿ ಕಾಣದ ಹಾಗೆ ಇರುತ್ತದೆ. ಟ್ಯಾಂಕ್ ಹಿಂದೆ ಟಾರ್ಚ್ ಹಿಡಿದು ನೋಡಿ. ಬೆಳಕು ಪೊರೆಯ ಮೂಲಕ ಸಲೀಸಾಗಿ ಬಂದರೆ, ಅದರೊಳಗೆ ಕೂದಲಿಗಿಂತ ತೆಳುವಾದ ಕಡ್ಡಿಗಳು ಹಳೆಯ ಕಡ್ಡಿಗಳ ನೇರಕ್ಕೇ ಮುಂದುವರಿದಿದ್ದರೆ ಅನುಮಾನವೇ ಬೇಡ. ಈ ಹೊಸ ಪೊರೆ ಬೇಗ ಹರಿಯುತ್ತದೆ, ಬಲೆ ಹಾಕಿ ಹಿಡಿಯಬೇಡಿ.

ನೀಲಿಬಾಲ:

ಟಾರ್ಚ್ ಹಿಡಿದು ನೋಡಿದೆ, ಕಡ್ಡಿ ಕಾಣುತ್ತಿವೆ! ಪೂರ್ತಿ ಬೆಳೆಯಲು ಎಷ್ಟು ಸಮಯ ಬೇಕು? ಮೊದಲಿನ ಥರವೇ ಆಗುತ್ತದಾ? ಊಟ ಜಾಸ್ತಿ ಹಾಕಿದರೆ ಬೇಗ ಬೆಳೆಯಬಹುದಾ?

ಪಾಚಿತೊಟ್ಟಿ:

ಊಟ ಜಾಸ್ತಿ ಬೇಡ, ಮತ್ತೆ ಅಮೋನಿಯಾ ಕಥೆ ಶುರುವಾಗುತ್ತದೆ. ದಿನಕ್ಕೆ ಎರಡು ಸಲ, ಎರಡು ಮೂರು ಸಣ್ಣ ಪೆಲೆಟ್ ಸಾಕು, ಪ್ರೋಟೀನ್ ಚೆನ್ನಾಗಿರುವಂಥದ್ದು. ನಡುನಡುವೆ ಫ್ರೋಜನ್ ಡ್ಯಾಫ್ನಿಯಾ ಅಥವಾ ಬ್ಲಡ್‌ವರ್ಮ್‌ನಂಥ ಪುಟ್ಟ ನೀರುಜೀವಿ ಕೊಡಿ.

ಸಮಯ ಹೇಳುವುದಾದರೆ, ಪ್ರಯೋಗಾಲಯದ ಜೀಬ್ರಾ ಮೀನಿಗೆ ಕತ್ತರಿಸಿದ ಬಾಲ ಸುಮಾರು 2 ವಾರದಲ್ಲಿ ವಾಪಸ್ ಬರುತ್ತದೆ. ಅದರದ್ದು ಗಿಡ್ಡ ಬಾಲ. ಹಾಫ್‌ಮೂನ್‌ನಲ್ಲಿ ಕಾಲು ಭಾಗ ಹೋಗಿದ್ದರೆ ಒಂದೆರಡು ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ, ವಯಸ್ಸಾದ ಮೀನಿಗೆ ಇನ್ನೂ ನಿಧಾನ. ಬುಡ ಹಾಳಾಗಿಲ್ಲವಾದ್ದರಿಂದ ಬೆಳೆಯುವುದಂತೂ ಬೆಳೆಯುತ್ತದೆ. ಕಡ್ಡಿ ಸ್ವಲ್ಪ ಸೊಟ್ಟಗಾಗಬಹುದು, ಹೊಸ ಭಾಗದ ನೀಲಿ ಬೇರೆ ಛಾಯೆಯಲ್ಲಿ ಬರಬಹುದು.

ಹಳೇಸ್ಪಾಂಜ್:

ಒಂದು ಮಾತು, ಕಚ್ಚುವ ಚಾಳಿ ಪೂರ್ತಿ ಹೋಯಿತು ಅಂತ ಅಂದುಕೊಳ್ಳಬೇಡಿ. ಬಾಲ ಬೆಳೆದು ಭಾರವಾದ ಹಾಗೆ ಕೆಲವು ಮತ್ತೆ ಕಚ್ಚುತ್ತವೆ. ಹಾಗಾದರೆ ಪ್ರತಿ ಸಲ ಉಪ್ಪು ಹಿಡಿದು ಓಡಬೇಡಿ. ನೀರು 0, ಉಷ್ಣತೆ 26, ಅಂಚಿನಲ್ಲಿ ಕಪ್ಪು ಕೆಂಪು ಇಲ್ಲ ಅಂದರೆ ಗಾಯ ತಾನೇ ಮಾಯುತ್ತದೆ. ಇನ್ನು ಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು, ನೈಟ್ರೇಟ್ 20 ದಾಟಿದರೆ ಮಾತ್ರ ಸ್ವಲ್ಪ ಹೆಚ್ಚು ಬದಲಿಸಿ. ವಾರಕ್ಕೊಂದು ಫೋಟೋ ಒಂದೇ ಕೋನದಿಂದ ತೆಗೆದಿಡಿ, ದಿನಾ ನೋಡುವ ಕಣ್ಣಿಗೆ ಬೆಳವಣಿಗೆಯೂ ಗೊತ್ತಾಗುವುದಿಲ್ಲ, ಸವೆತವೂ ಗೊತ್ತಾಗುವುದಿಲ್ಲ.

ಗುಳ್ಳೆಗೂಡು:

ಫೋಟೋ ಇಲ್ಲೂ ಹಾಕಿ ಮಾರಾಯರೇ, ಮೆಥಿಲೀನ್ ಬ್ಲೂ ಇಲ್ಲದೆ ಹೆಂಗೆ ಬೆಳೆಯುತ್ತೆ ನಾನೂ ನೋಡ್ತೀನಿ.